ಐರ್ಲೆಂಡಿನ ಬೇಲಿಬದಿ ಶಾಲೆ ಬಗ್ಗೆ ಯಾರಿಗಾದ್ರೂ ಗೊತ್ತಾ? ಒಬ್ರು ಅಜ್ಜ ಹೇಳಿದ್ದು ತಲೆಯಿಂದ ಹೋಗ್ತಿಲ್ಲ

ಕುಂದಾಪ್ರದ_ನರ್ಸ್

ಎಲ್ರಿಗೂ ನಮಸ್ಕಾರ. ಬರೀಬೇಕು ಬರೀಬೇಕು ಅಂತ ವರ್ಷಗಟ್ಲೆ ಮುಂದೆ ಹಾಕ್ತಾ ಬಂದೆ, ಇವತ್ತು ನೈಟ್ ಡ್ಯೂಟಿ ಮುಗ್ಸಿ ಬಂದು ಮಲ್ಗಿದ್ರೂ ನಿದ್ದೆ ಹತ್ತಲಿಲ್ಲ, ಹಾಗಾಗಿ ಕೂತ್ಕೊಂಡು ಟೈಪ್ ಮಾಡ್ತಿದ್ದೀನಿ, ಉದ್ದ ಆದ್ರೆ ಬೇಜಾರು ಮಾಡ್ಕೋಬೇಡಿ.

ನಾನು ಐರ್ಲೆಂಡಿನ ಕೆರಿ ಕೌಂಟಿಲಿ ನರ್ಸ್ ಆಗಿದ್ದೀನಿ. 2014ರಲ್ಲಿ ನಮ್ಮ ವಾರ್ಡಲ್ಲಿ ಒಬ್ರು ಅಜ್ಜ ಇದ್ರು, ಆಗ ಅವ್ರಿಗೆ 88 ವರ್ಷ, ಕಣ್ಣು ಪೂರ್ತಿ ಹೋಗಿತ್ತು ಆದ್ರೆ ಮಾತು ಒಂದು ಚೂರೂ ಮಂಕಾಗಿರ್ಲಿಲ್ಲ. ಒಂದಿನ ಬಿಪಿ ನೋಡ್ತಿರುವಾಗ, ನಿಮ್ಮೂರಲ್ಲಿ ಹಿಂದಿನವ್ರು ಅಕ್ಷರ ಹೇಗೆ ಕಲೀತಿದ್ರಮ್ಮಾ ಅಂತ ಕೇಳಿದ್ರು. ನಾನು ನಮ್ಮಜ್ಜ ಹೇಳ್ತಿದ್ದಿದ್ದನ್ನ ಹೇಳ್ದೆ, ಜಗಲಿ ಮೇಲೆ ಮರಳು ಹರವಿ ಬೆರಳಲ್ಲಿ ತಿದ್ದಿಸ್ತಿದ್ರು, ತಪ್ಪಿದ್ರೆ ಅದೇ ಬೆರಳನ್ನ ಮರಳಿಗೆ ಒತ್ತಿ ಉಜ್ಜಿಸ್ತಿದ್ರು ಅಂತ. ಅಜ್ಜ ಸ್ವಲ್ಪ ಹೊತ್ತು ಸುಮ್ನಿದ್ದು, ನಮ್ಮೋರು ಬೇಲಿ ಮರೇಲಿ ಕೂತು ಕಲಿತ್ರು ಅಂದ್ರು. ಐರಿಷ್ ಭಾಷೇಲಿ ಅದಕ್ಕೆ 'ಸ್ಕೊಲ್ ಖೋಶ್ ಕ್ಲೀ' ಅಂತಾರೆ, ಹಾಗೇ ಕನ್ನಡಕ್ಕೆ ತಂದ್ರೆ ಬೇಲಿ ಪಕ್ಕದ ಶಾಲೆ.

ಅವ್ರ ಅಜ್ಜಿಯ ಅಪ್ಪ ಅಂಥ ಶಾಲೇಲಿ ಓದಿದ್ದಂತೆ. ಪ್ರತಿ ಮಗು ಕಂಕುಳಲ್ಲಿ ಒಂದು ಟರ್ಫ್ ಇಟ್ಕೊಂಡು ಹೋಗ್ಬೇಕಿತ್ತು. ಟರ್ಫ್ ಅಂದ್ರೆ ಇಲ್ಲಿನ ಜೌಗು ನೆಲದಿಂದ ಇಟ್ಟಿಗೆ ಥರ ಕೊಯ್ದು ಒಣಗ್ಸಿದ ಮಣ್ಣಿನ ತುಂಡು, ನಮ್ಮಲ್ಲಿ ಬೆರಣಿ ಹೇಗೋ ಹಾಗೆ ಒಲೆಗೆ ಹಾಕೋದು. ಟರ್ಫ್ ತಂದೋರು ಬೆಂಕಿ ಹತ್ರ, ತರದೇ ಇದ್ದೋರು ಬಾಗ್ಲ ಹತ್ರ, ಗಾಳಿಗೆ. ಕೂರೋಕೆ ಕಲ್ಲು. ಮೇಷ್ಟ್ರಿಗೆ ಸ್ವಂತ ಮನೆ ಇಲ್ಲ, ಈ ವಾರ ಇವ್ರ ಮನೆ ಮುಂದಿನ ವಾರ ಅವ್ರ ಮನೆ. ಮೇಷ್ಟ್ರ ಸರದಿ ಬಂತು ಅಂದ್ರೆ ಆ ಮನೆ ಅಮ್ಮ ಮುಂಚಿನ ವಾರದಿಂದ್ಲೇ ಮೊಟ್ಟೆ ಬೆಣ್ಣೆ ಎತ್ತಿಡ್ತಿದ್ಲಂತೆ, ಮಕ್ಕಳಿಗೆ ಆ ವಾರ ಮೊಟ್ಟೆ ಇಲ್ಲ.

ಇಷ್ಟೆಲ್ಲಾ ಅಜ್ಜನಿಗೆ ಗೊತ್ತಿದ್ದು ಹೇಗೆ ಅಂದ್ರೆ, 1937ರಿಂದ 39ರ ತನಕ ಐರ್ಲೆಂಡಿನ ಜಾನಪದ ಆಯೋಗ ಒಂದು ದೊಡ್ಡ ಕೆಲಸ ಮಾಡ್ತು. ದೇಶದ ಸುಮಾರು 5,000 ಪ್ರೈಮರಿ ಶಾಲೆಗಳ ದೊಡ್ಡ ಕ್ಲಾಸಿನ ಮಕ್ಕಳಿಗೆ ನೋಟ್‌ಬುಕ್ ಕೊಟ್ಟು, ಮನೆ ಹಿರಿಯರನ್ನ ಕೇಳಿ ಹಳೇ ಕಾಲದ್ದು ಬರ್ಕೊಂಡು ಬನ್ನಿ ಅಂದ್ರು. ಕೇಳ್ಬೇಕಾದ ವಿಷಯಗಳಲ್ಲಿ ಹಳೇ ಶಾಲೆಗಳೂ ಒಂದು. ನಮ್ಮ ವಾರ್ಡಿನ ಈ ಅಜ್ಜ ಆಗ 12ರ ಹುಡುಗ, ತನ್ನ ಅಜ್ಜಿ ಮುಂದೆ ಪೆನ್ಸಿಲ್ ಹಿಡ್ಕೊಂಡು ಕೂತಿದ್ದಂತೆ. ಈ ಶಾಲೆಗಳ ಬಗ್ಗೆ ಇಲ್ಲಿ ಯಾರಾದ್ರೂ ಓದಿದ್ದೀರಾ?

ಹಳೇ_ಕಾಗದ

ಓದಿದ್ದೀನಿ ಸಿಸ್ಟರ್. ಹಿನ್ನೆಲೆ ಗೊತ್ತಾದ್ರೆ ಬೇಲಿ ಮರೆ ಯಾಕೆ ಅಂತ ಅರ್ಥ ಆಗತ್ತೆ. 1690ರ ದಶಕದಲ್ಲಿ ಇಂಗ್ಲೆಂಡಿನ ಪ್ರೊಟೆಸ್ಟಂಟ್ ರಾಜನ ಎದುರು ಯುದ್ಧ ಸೋತ ಮೇಲೆ ಅಲ್ಲಿನ ಕ್ಯಾಥೊಲಿಕ್ಕರ ಮೇಲೆ ಸಾಲುಸಾಲಾಗಿ ಕಾಯ್ದೆ ಬಂದ್ವು, ದಂಡನಾ ಕಾಯ್ದೆಗಳು ಅಂತಾರೆ. 1695ರದ್ದು ಓದಿನ ಬುಡಕ್ಕೇ ಕೊಡಲಿ ಹಾಕ್ತು, ಕ್ಯಾಥೊಲಿಕ್ ಆದವ್ನು ಶಾಲೆ ನಡ್ಸೋ ಹಾಗಿಲ್ಲ, ಮಕ್ಕಳನ್ನ ಓದೋಕೆ ಹೊರದೇಶಕ್ಕೂ ಕಳ್ಸೋ ಹಾಗಿಲ್ಲ. ಅಂದ್ರೆ ಊರಲ್ಲೂ ಇಲ್ಲ ಪರವೂರಲ್ಲೂ ಇಲ್ಲ. 1709ರಲ್ಲಿ ಹಿಡ್ಕೊಟ್ಟವ್ರಿಗೆ ಇನಾಮು ಇಟ್ರು, ಬಿಷಪ್ಪನ್ನ ತೋರ್ಸಿದ್ರೆ 50 ಪೌಂಡು, ಪಾದ್ರಿಗೆ 20, ಶಾಲಾ ಮೇಷ್ಟ್ರಿಗೆ 10. ಬಡ ಮೇಷ್ಟ್ರ ತಲೆಗೂ ರೇಟು ಕಟ್ಟಿದ್ರು ಅಂತ ಆಯ್ತು. ಅದಕ್ಕೇ ಬಿಸಿಲಿರೋ ದಿನ ಬೇಲಿಯ ಬಿಸಿಲು ಬೀಳೋ ಮಗ್ಗುಲಲ್ಲಿ ಪಾಠ, ಒಬ್ಬ ಹುಡುಗನ್ನ ದಾರಿ ಕಾಯೋಕೆ ಬಿಡೋದು, ಅಪರಿಚಿತ ಕಂಡ್ರೆ ಎಲ್ಲಾ ದಿಕ್ಕಾಪಾಲು. ಮನೆ ಕೊಟ್ಟವ್ನು ಸಿಕ್ಕಿ ಬೀಳಬಾರದು ಅಂತಾನೇ ಹೊರಗಡೆ.

ಸೋನೆ_ಮಳೆ

ಓದ್ಸಿದ್ದಕ್ಕೆ ತಲೆಗೆ ರೇಟು ಅನ್ನೋದನ್ನ ಓದಿ ಮೈ ಜುಂ ಅಂತು. ನಾನು ಟೀಚರ್, ನಾಳೆ ಕ್ಲಾಸಲ್ಲಿ ಇದನ್ನ ಹೇಳ್ತೀನಿ. ಆ ಕೊರೆಯೋ ಚಳೀಲಿ ಬೇಲಿ ಪಕ್ಕ ಹೇಗೆ ಕೂರ್ತಿದ್ರು?

ಅಳತೆಗೋಲು

ಒಂದು ಮಾತು ಸೇರಿಸ್ಬೇಕು, ಬೇಜಾರು ಮಾಡ್ಕೋಬೇಡಿ. ಬೇಲಿ ಬದಿ ಪಾಠ, ಕಾವಲು ಹುಡುಗ, ಓಡಿ ಹೋಗೋದು, ಇವೆಲ್ಲಾ 1700ರ ಮೊದಮೊದಲ ದಶಕಗಳ ಚಿತ್ರ. ಆಮೇಲೆ ಕಾಯ್ದೆ ಪುಸ್ತಕದಲ್ಲಿತ್ತು, ಹಿಡಿಯೋ ಉತ್ಸಾಹ ಕಮ್ಮಿ ಆಗಿತ್ತು. 1782ರಲ್ಲಿ ರಾಜನಿಷ್ಠೆ ಪ್ರಮಾಣ ಮಾಡಿ, ಸರ್ಕಾರಿ (ಪ್ರೊಟೆಸ್ಟಂಟ್) ಚರ್ಚಿನ ಬಿಷಪ್ ಹತ್ರ ಲೈಸೆನ್ಸ್ ತಗೊಂಡ್ರೆ ಕ್ಯಾಥೊಲಿಕ್ಕರೂ ಪಾಠ ಮಾಡ್ಬಹುದು ಅಂತಾಯ್ತು, 1792ರಲ್ಲಿ ಲೈಸೆನ್ಸೂ ಹೋಯ್ತು. ಅಷ್ಟೊತ್ತಿಗೆ ಹೆಚ್ಚಿನವು ಗುಡಿಸಲಲ್ಲಿ, ದನದ ಕೊಟ್ಟಿಗೇಲಿ, ಖಾಲಿ ಕಣಜದಲ್ಲಿ ನಡೀತಿದ್ವು, ಹೆಸರು ಮಾತ್ರ ಬೇಲಿ ಶಾಲೆ ಅಂತಾನೇ ಉಳೀತು. ಆದ್ರೂ 1776ರ ಸುಮಾರಿಗೆ ಅಲ್ಲಿ ಸುತ್ತಾಡಿದ ಇಂಗ್ಲೆಂಡಿನ ಕೃಷಿ ಬರಹಗಾರ ಆರ್ಥರ್ ಯಂಗ್, ಇವನ್ನ ಹಳ್ಳದ ಶಾಲೆ ಅಂತ್ಲೂ ಕರೀಬಹುದು, ಹಳ್ಳದ ತುಂಬಾ ಮಕ್ಕಳು ಕೂತಿದ್ದನ್ನ ನಾನೇ ನೋಡಿದ್ದೀನಿ ಅಂತ ಬರ್ದಿದ್ದಾನೆ, ಸೋ ಬಯಲು ಪಾಠ ಪೂರ್ತಿ ಕಟ್ಟುಕಥೆ ಅಲ್ಲ.

ನನಗೆ ಧೈರ್ಯದ ಕಥೆಗಿಂತ ಲೆಕ್ಕದ ಕಥೆ ದೊಡ್ಡದು ಅನ್ಸತ್ತೆ. 1824ರಲ್ಲಿ ಸರ್ಕಾರ ಊರೂರು ಲೆಕ್ಕ ತೆಗ್ಸಿದಾಗ ಇಡೀ ದ್ವೀಪದಲ್ಲಿ 11,000ಕ್ಕಿಂತ ಹೆಚ್ಚು ಶಾಲೆ ಸಿಕ್ವು, ಅದ್ರಲ್ಲಿ ಸುಮಾರು 9,000 ಅಪ್ಪ ಅಮ್ಮ ಕೈಯಿಂದ ಫೀಸು ಕೊಟ್ಟು ನಡ್ಸೋ ಶಾಲೆಗಳು, ಹತ್ರಹತ್ರ 4 ಲಕ್ಷ ಮಕ್ಕಳು. ಯಾವ ಇಲಾಖೆ ಇಲ್ಲ, ಇನ್ಸ್‌ಪೆಕ್ಟರ್ ಇಲ್ಲ, ಆಲೂಗಡ್ಡೆ ತಿಂದ್ಕೊಂಡು ಬದುಕ್ತಿದ್ದ ಜನ ಕಟ್ಟಿದ್ದು.

ಕುಂದಾಪ್ರದ_ನರ್ಸ್

ಸರಿಯಾಗಿ ಹೇಳಿದ್ರಿ, ಅಜ್ಜನೂ ಬೇಲಿ ಅಂದ್ರೂ ಕಥೆ ನಡೆಯೋದು ಒಂದು ಕೊಟ್ಟಿಗೇಲೇ. @ಸೋನೆ_ಮಳೆ, ಚಳಿಗಾಲದಲ್ಲಿ ಗೋಡೆ ಬೇಕೇ ಬೇಕಲ್ಲ, ಅದಕ್ಕೆ ಊರೋರು ಸೇರಿ ರಸ್ತೆ ಪಕ್ಕದ ಮಣ್ಣಿನ ದಿಬ್ಬವನ್ನ ಅಗೆದು, ಮೂರು ಕಡೆ ದಿಬ್ಬವೇ ಗೋಡೆ, ಮುಂದಿನದಕ್ಕೆ ಹುಲ್ಲು ಸಮೇತ ಕೊಯ್ದ ಮಣ್ಣಿನ ಹೆಂಟೆ ಪೇರ್ಸಿ, ಮೇಲೆ ಕೊಂಬೆ ಹಾಸಿ ಹುಲ್ಲು ಹೊದ್ಸೋರು. ಹೊಗೆ ಹೋಗೋಕೆ ಒಂದು ತೂತು. ಟೈರೋನ್ ಕೌಂಟಿಯ ಲೇಖಕ ವಿಲಿಯಂ ಕಾರ್ಲಟನ್ ಓದಿದ್ದು ಇಂಥದ್ರಲ್ಲೇ.

ಮೇಷ್ಟ್ರುಗಳಲ್ಲಿ ಎಂಥೆಂಥೋರು ಇದ್ರು ಅಂತೀರಿ! ನಮ್ಮ ಕೆರಿಯ ಸ್ಲೀವ್ ಲೂಖ್ರಾ ಸೀಮೆಯ ಓವನ್ ರೂ ಓ ಸುಲವಾನ್, 1748ರಲ್ಲಿ ಹುಟ್ಟಿದ ಕವಿ, ಐರಿಷ್ ಭಾಷೆಯ ಮಹಾಕವಿಗಳಲ್ಲಿ ಒಬ್ರು, 18ನೇ ವಯಸ್ಸಿಗೇ ಇಂಥ ಶಾಲೆ ತೆರೆದಿದ್ರು. ಆಮೇಲೆ ಕೂಲಿ ಮಾಡಿದ್ರು, ಬ್ರಿಟಿಷ್ ನೌಕಾಪಡೆ ಸೇರಿ 1782ರ ಕೆರಿಬಿಯನ್ ಯುದ್ಧದಲ್ಲೂ ಇದ್ರು, ವಾಪಸ್ ಬಂದು 1784ರಲ್ಲಿ ನಾಕ್‌ನಗ್ರೀ ಅನ್ನೋ ಊರಿನ ಕೂಡುರಸ್ತೇಲಿ ಮತ್ತೆ ಶಾಲೆ ಹಾಕಿದ್ರು. ಶಾಲೆ ಶುರು ಆಗತ್ತೆ ಅಂತ ಪೂಜೆ ಟೈಮಲ್ಲಿ ಜನಕ್ಕೆ ಹೇಳಿ ಅಂತ ಪಾದ್ರಿಗೆ ಕಳ್ಸಿದ ಅರ್ಜಿಯನ್ನೂ ಪದ್ಯದಲ್ಲೇ ಬರ್ದಿದ್ರು. ಅದೇ ವರ್ಷ ತೀರ್ಕೊಂಡ್ರು, ಇನ್ನೂ 40 ತುಂಬಿರ್ಲಿಲ್ಲ. ಅವ್ರ ಹಾಡುಗಳು ಅಜ್ಜನ ಬಾಯಲ್ಲಿ ಇದ್ವು.

ಡೇನಿಯಲ್ ಓಕಾನೆಲ್ ಹೆಸ್ರು ಕೇಳಿರ್ತೀರಿ, 1829ರಲ್ಲಿ ಕ್ಯಾಥೊಲಿಕ್ಕರಿಗೆ ಪಾರ್ಲಿಮೆಂಟಿನ ಬಾಗ್ಲು ತೆಗ್ಸಿದ ನಾಯಕ, ಅವ್ರೂ ಕೆರಿಯೋರೇ. ಚಿಕ್ಕೋರಿದ್ದಾಗ ಒಬ್ಬ ಅಲೆಮಾರಿ ಮೇಷ್ಟ್ರು ಮನೆಗೆ ಬಂದು, ಮಗುವನ್ನ ತೊಡೆ ಮೇಲೆ ಕೂರ್ಸಿ ಸಿಕ್ಕುಗಟ್ಟಿದ ತಲೆಕೂದಲನ್ನ ಒಂಚೂರೂ ನೋವಾಗ್ದ ಹಾಗೆ ಬಾಚಿದ್ರಂತೆ. ಮನೆ ಹೆಂಗಸ್ರು ಬಾಚಿದ್ರೆ ಎಳೆದು ನೋಯ್ಸೋರು, ಇವ್ರು ನೋಯಿಸ್ಲಿಲ್ಲ ಅಂತ ಮಗು ಅಲ್ಲೇ ಕೂತ್ಬಿಡ್ತು, ಒಂದೂವರೆ ಗಂಟೇಲಿ ಪೂರ್ತಿ ಅಕ್ಷರಮಾಲೆ ಕಲ್ತುಬಿಡ್ತು. ಅದನ್ನ ಓಕಾನೆಲ್ ದೊಡ್ಡೋರಾದ ಮೇಲೂ ಮರೀಲಿಲ್ಲ.

ವಾರದ_ಮನೆ

ಆ ಬಾಚಣಿಗೆ ವಿಷಯ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ನಮ್ಮ ತಂದೆಯವ್ರು ಮೈಸೂರಲ್ಲಿ ವಾರಾನ್ನ ಮಾಡ್ಕೊಂಡು ಓದಿದವ್ರು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಗುರುವಾರಕ್ಕೆ ಮನೆ ಸಿಗದೆ ಎಷ್ಟೋ ತಿಂಗಳು ಗುರುವಾರ ನೀರು ಕುಡ್ಕೊಂಡು ಕಳೆದಿದ್ರಂತೆ. ಗುರುವಾರ ಒಪ್ಪತ್ತು ಅನ್ನೋದು ನಮ್ಮನೇಲಿ ವ್ರತ ಅಂತ್ಲೇ ಅಂದ್ಕೊಂಡಿದ್ವಿ, ಅವ್ರು ಹೋದ ಮೇಲೆ ಅಮ್ಮ ಹೇಳಿದ್ಮೇಲೆ ಗೊತ್ತಾಗಿದ್ದು. ಐರ್ಲೆಂಡಲ್ಲಿ ಈ ಥರದ್ದು ಏನಾದ್ರೂ ಇತ್ತಾ?

ಹಳೇ_ಕಾಗದ

ಇತ್ತು ಸರ್, ಹೆಚ್ಚುಕಮ್ಮಿ ಇದೇ. ಅಲ್ಲಿ 'ಬಡ ವಿದ್ಯಾರ್ಥಿ' ಅನ್ನೋದೇ ಒಂದು ಗೌರವದ ಹೆಸ್ರು. ಉತ್ತರದ ಅಲ್ಸ್ಟರ್ ಕಡೆ ಹುಡುಗ್ರು ಲ್ಯಾಟಿನ್ ಕಲೀಬೇಕು ಅಂತ, ಪಾದ್ರಿ ಆಗ್ಬೇಕು ಅಂತ ಪುಸ್ತಕದ ಗಂಟು ಹೊತ್ಕೊಂಡು ಬರಿಗಾಲಲ್ಲಿ ದಕ್ಷಿಣದ ಮನ್ಸ್ಟರ್‌ಗೆ ನಡ್ಕೊಂಡು ಹೋಗೋರು, ಯಾಕಂದ್ರೆ ಒಳ್ಳೇ ಲ್ಯಾಟಿನ್ ಮೇಷ್ಟ್ರುಗಳು ಕೆರಿ, ಲಿಮ್ರಿಕ್ ಕಡೆ. ದಾರೀಲಿ ಯಾರ ಮನೆ ಬಾಗ್ಲು ತಟ್ಟಿದ್ರೂ ಊಟ ಹಾಸ್ಗೆ, ಮೇಷ್ಟ್ರು ಫೀಸು ಕೇಳೋಹಾಗಿಲ್ಲ, ಊರ ಮಕ್ಕಳೇ ಈ ಹುಡುಗನ್ನ ನಮ್ಮನೆಗೆ ಕಳ್ಸಿ ನಮ್ಮನೆಗೆ ಕಳ್ಸಿ ಅಂತ ಜಗಳ ಆಡೋರು. 1756ರಲ್ಲಿ ಕೆರಿ ಬಗ್ಗೆ ಪುಸ್ತಕ ಬರೆದ ಚಾರ್ಲ್ಸ್ ಸ್ಮಿತ್, ಅಲ್ಲಿ ಕೆಳವರ್ಗದ ಜನಕ್ಕೂ ಲ್ಯಾಟಿನ್ ಓದು ಇದೆ ಅಂತ ಆಶ್ಚರ್ಯ ಪಟ್ಟಿದ್ದಾನೆ.

ಬಳ್ಳಾರಿ_ಬಿಸಲು

ಇಷ್ಟೊತ್ತು ಸುಮ್ನ ಓದ್ಕೋತ ಕುಂತಿದ್ದೆ, 1824 ಅಂತ ಬಂದ್ಮ್ಯಾಲೆ ಸುಮ್ನ ಇರಾಕ ಆಗ್ಲಿಲ್ಲ ನೋಡ್ರಿ. ಅದೇ ಕಾಲಕ್ಕ ಅದೇ ಬ್ರಿಟಿಷರು ನಮ್ಮ ಬಳ್ಳಾರಿಯೊಳಗೂ ಶಾಲಿ ಲೆಕ್ಕ ತಗೊಂಡಾರ. 1822ರಾಗ ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ಎಲ್ಲಾ ಜಿಲ್ಲಾ ಕಲೆಕ್ಟರ್‌ಗಳಿಗೆ ಹೇಳಿ ಕಳ್ಸಿದ, ನಿಮ್ ನಿಮ್ ಕಡೆ ಎಷ್ಟು ಶಾಲಿ, ಎಷ್ಟು ಹುಡುಗ್ರು ಲೆಕ್ಕ ಕೊಡ್ರಿ ಅಂತ. ಬಳ್ಳಾರಿ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಾಗ ಉತ್ತರ ಬರದ. ಒಟ್ಟು 533 ಶಾಲಿ, 6,641 ಹುಡುಗ್ರು. ಅದ್ರಾಗ ಕನ್ನಡದ್ದು 235, ತೆಲುಗಿಂದು 226, ಉಳಿದದ್ದು ಮರಾಠಿ, ಪಾರ್ಸಿ, ಸಂಸ್ಕೃತ, ತಮಿಳು, ಇಂಗ್ಲಿಷಿಂದು ಒಂದ ಒಂದು. ಹೆಣ್ಣುಮಕ್ಕಳು ಬರೇ 60.

ಅಂವಾ ಬರದಿದ್ದು ಓದಿದ್ರ ನಮ್ಮ ಕೂಲಿಮಠ ಕಣ್ಣಿಗೆ ಕಟ್ಟಿದಂಗ ಆಕ್ಕೈತಿ. ಮುಂಜಾನೆ ಎಲ್ಲಾರಕಿಂತ ಮದ್ಲ ಬಂದ ಹುಡುಗನ ಅಂಗೈ ಮ್ಯಾಲೆ ಸರಸ್ವತಿ ಹೆಸ್ರು ಬರೀತಿದ್ರಂತ, ಎರಡನೇದವಂಗ ಸೊನ್ನಿ, ಹೊಗಳಿಕಿನೂ ಇಲ್ಲ ಬೈಗುಳನೂ ಇಲ್ಲ ಅಂತ, ಮೂರನೇದವಂಗ ಒಂದು ಏಟು, ನಾಕನೇದವಂಗ ಎರಡು, ಹಿಂಗ ಬೆಳಕೋತ ಹೋಗೂದು. ನಮ್ಮ ಮುತ್ಯಾ ಅದನ್ನ ಹೇಳ್ತಿದ್ದ, ನಾನು ನಗಿಚಾಟಕಿಗೆ ಹೇಳ್ತಾನ ಅಂತ ತಿಳಕೊಂಡಿದ್ದೆ. ಅದು 200 ವರ್ಷದ ಹಿಂದಿನ ಸರ್ಕಾರಿ ಕಾಗದದಾಗ ಐತಿ.

ಇನ್ನೊಂದು. ಕ್ಯಾಂಪ್‌ಬೆಲ್ ಸ್ವಚ್ಛ ಬರದಾನ, ಶಾಲಿ ಕಡಿಮಿ ಆಗಾಕತ್ತಾವ, ಯಾಕಂದ್ರ ಜನ ಬಡವರಾಗ್ಯಾರ, ವಿಲಾಯತಿ ಅರಿವಿ ಬಂದು ಇಲ್ಲಿ ನೇಕಾರ ಮಗ್ಗ ಬಿಟ್ಟಾರ ಅಂತ. ಐರ್ಲೆಂಡಿನಾಗ ಕಾಯ್ದೆ ಹಾಕಿ ಮುಚ್ಚಿದ್ರು, ಆದ್ರೂ ಶಾಲಿ ಬೆಳದ್ವು. ನಮ್ಮಲ್ಲಿ ಯಾರೂ ಕಾಯ್ದೆ ಹಾಕ್ಲಿಲ್ಲ, ಹೊಟ್ಟಿಗಿಲ್ದ ಮುಚ್ಚಿದ್ವು. ಇದು ನನ್ನನ್ನ ಭಾಳ ಕಾಡತೈತಿ.

ಅಳತೆಗೋಲು

ವಾಹ್, ಈ ಕನೆಕ್ಷನ್ ನನಗೆ ಹೊಳೆದಿರ್ಲಿಲ್ಲ. ನಿಮ್ಮ ಮರಳಿನ ಮಾತಿಗೆ ಇನ್ನೊಂದು ಕೊಂಡಿ ಇದೆ ಸಿಸ್ಟರ್. ಆಂಡ್ರೂ ಬೆಲ್ ಅನ್ನೋ ಸ್ಕಾಟಿಷ್ ಪಾದ್ರಿ 1789ರಿಂದ ಮದ್ರಾಸಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆ ನೋಡ್ಕೊಳ್ತಿದ್ದ, ಅಲ್ಲಿ ಸ್ಥಳೀಯ ಮಕ್ಕಳು ಮರಳಲ್ಲಿ ಬೆರಳಿಂದ ಬರೆಯೋದನ್ನ ನೋಡಿ ತನ್ನ ಶಾಲೇಲೂ ತಂದ. ದೊಡ್ಡ ಹುಡುಗ್ರು ಚಿಕ್ಕವ್ರಿಗೆ ಪಾಠ ಹೇಳೋ ಕ್ರಮಾನೂ ಸೇರ್ಸಿ 1797ರಲ್ಲಿ ಪುಸ್ತಕ ಮಾಡಿದ, ಅದು 'ಮದ್ರಾಸ್ ಪದ್ಧತಿ' ಅಂತ ಇಂಗ್ಲೆಂಡಲ್ಲಿ ಹರಡ್ತು. ಲಂಕಾಸ್ಟರ್ ಅನ್ನೋ ಇನ್ನೊಬ್ಬರದ್ದೂ ಅದೇ ಥರದ ಪದ್ಧತಿ. 1811ರಲ್ಲಿ ಡಬ್ಲಿನ್ನಲ್ಲಿ ಶುರುವಾದ ಕಿಲ್ಡೇರ್ ಪ್ಲೇಸ್ ಸೊಸೈಟಿ, ಬೇಲಿ ಶಾಲೆಗಳಿಗೆ ಬದಲಾಗಿ ಶಿಸ್ತಿನ ಶಾಲೆ ತರ್ತೀವಿ ಅಂತ ಹೊರಟಿದ್ದು, ಈ ಹುಡುಗರಿಂದ ಹುಡುಗರಿಗೆ ಪಾಠ ಮಾಡ್ಸೋ ಕ್ರಮಾನೇ ಹಿಡೀತು. ಆದ್ರೆ ಬೈಬಲ್ಲನ್ನ ವಿವರಣೆ ಇಲ್ಲದೆ ಓದಿಸ್ಬೇಕು ಅನ್ನೋ ನಿಯಮ ಇತ್ತು, ಕ್ಯಾಥೊಲಿಕ್ ಅಪ್ಪ ಅಮ್ಮಂದ್ರಿಗೆ ಇದು ಮತಾಂತರದ ದಾರಿ ಅನ್ನಿಸ್ತು, ಹೆಚ್ಚಿನವ್ರು ಕೊಟ್ಟಿಗೆ ಮೇಷ್ಟ್ರನ್ನೇ ನಂಬಿದ್ರು.

ಸೋನೆ_ಮಳೆ

ಏನು ಕಲಿಸ್ತಿದ್ರು? ಫೀಸು ಹೇಗೆ? ಪುಸ್ತಕ ಎಲ್ಲಿಂದ ಬರ್ತಿತ್ತು?

ಹಳೇ_ಕಾಗದ

ಫೀಸು ಒಂದೊಂದು ಪಾಠಕ್ಕೆ ಒಂದೊಂದು ಥರ, ಮೂರು ತಿಂಗಳಿಗೊಂದ್ಸಲ. ಅಕ್ಷರ ಕೂಡ್ಸೋಕೆ ಸುಮಾರು ಒಂದೂವರೆ ಶಿಲಿಂಗು, ಓದಿಗೆ 2, ಬರವಣಿಗೆಗೆ ಇನ್ನು ಸ್ವಲ್ಪ, ಲೆಕ್ಕಕ್ಕೆ ಅದ್ರ ಎರಡರಷ್ಟು ಮೂರರಷ್ಟು, ಲ್ಯಾಟಿನ್ನಿಗೆ ಎಲ್ಲಕ್ಕಿಂತ ಜಾಸ್ತಿ, ಇದು ಊರಿಂದ ಊರಿಗೆ ಬದಲಾಗ್ತಿತ್ತು. ಬರೀ ಓದೋಕೆ ಮಾತ್ರ ದುಡ್ಡು ಕೊಟ್ಟು ಬರೆಯೋದು ಕಲೀದೆ ಬಿಟ್ಟ ಮಕ್ಕಳು ಎಷ್ಟೋ. ದುಡ್ಡು ಇಲ್ದವ್ರು ಆಲೂಗಡ್ಡೆ, ಬೆಣ್ಣೆ, ಟರ್ಫ್ ಕೊಡೋರು. ಮೇಷ್ಟ್ರು ಹೊಲ ಅಳೆದು ಕೊಡ್ತಿದ್ರು, ಕಾಗದ ಪತ್ರ ಬರೆದು ಕೊಡ್ತಿದ್ರು, ಉಯಿಲು ಬರೀತಿದ್ರು, ಅಂದ್ರೆ ನಮ್ಮಲ್ಲಿ ಶಾನುಭೋಗರ ಹತ್ರ ಜನ ಓಡ್ತಿದ್ರಲ್ಲ ಹಾಗೆ.

ಪುಸ್ತಕ ಮನೇಲಿ ಏನಿದ್ಯೋ ಅದೇ ಪಠ್ಯ. ವಾಸ್ಟರ್ ಬರೆದ ಅಂಕಗಣಿತವೋ ಗಾಫ್ ಬರೆದದ್ದೋ ಇದ್ದೋರು ಪುಣ್ಯವಂತ್ರು. ಉಳಿದ ಮಕ್ಕಳು ಸಂತೇಲಿ ಕೆಲವು ಕಾಸಿಗೆ ಸಿಗೋ ಚಿಕ್ಕ ಕಥೆ ಪುಸ್ತಕ ತರೋರು, ಕಿಲ್ಕೆನಿಯ ಫ್ರೇನಿ ಅನ್ನೋ ಹೆದ್ದಾರಿ ದರೋಡೆಕೋರನ ಆತ್ಮಕಥೆ, ವೀರರ ಕಥೆಗಳು. 1824ರ ಲೆಕ್ಕ ತೆಗೆದ ಸರ್ಕಾರಿ ಆಯೋಗದ 1825ರ ವರದೀಲಿ ಈ ಪುಸ್ತಕಗಳ ಪಟ್ಟಿ ಹಾಕಿ, ನೋಡಿ ಮಕ್ಕಳಿಗೆ ಏನು ಓದಿಸ್ತಿದ್ದಾರೆ ಅಂತ ದೂರಿದ್ರು. ನನಗೇನೋ ಕಳ್ಳನ ಕಥೆ ಓದಿ ಅಕ್ಷರ ಕಲಿತ ಮಗು ಅಕ್ಷರ ಕಲೀತು, ಅದು ಮುಖ್ಯ.

ಸೋನೆ_ಮಳೆ

ಪಾಠ ಐರಿಷ್ ಭಾಷೇಲೇ ಇತ್ತಲ್ವಾ? ಮೇಷ್ಟ್ರುಗಳೇ ಐರಿಷ್ ಕವಿಗಳು ಅಂದ್ರಿ.

ಕುಂದಾಪ್ರದ_ನರ್ಸ್

ಇದಕ್ಕೆ ಉತ್ತರ ಬರೀಬೇಕು ಅಂತಾನೇ ಈ ಥ್ರೆಡ್ ಶುರು ಮಾಡಿದ್ದು ನಾನು, ಆದ್ರೆ ಕೈ ಬರ್ತಿರ್ಲಿಲ್ಲ.

ಮೇಷ್ಟ್ರು ವಿವರಿಸೋಕೆ ಐರಿಷ್ ಬಳಸ್ತಿದ್ರು, ಆದ್ರೆ ಓದು ಬರಹ ಕಲಿಸ್ತಿದ್ದಿದ್ದು ಹೆಚ್ಚಿನ ಕಡೆ ಇಂಗ್ಲಿಷಲ್ಲಿ. ಅಪ್ಪ ಅಮ್ಮ ಫೀಸು ಕೊಡ್ತಿದ್ದಿದ್ದೇ ಇಂಗ್ಲಿಷಿಗೆ. ಕೋರ್ಟು ಇಂಗ್ಲಿಷು, ಸಂತೆ ಇಂಗ್ಲಿಷು, ಅಮೆರಿಕಾಕ್ಕೆ ಹಡಗು ಹತ್ತಿದ್ರೆ ಅಲ್ಲೂ ಇಂಗ್ಲಿಷು. ಕಾಯ್ದೆ ಮುರಿದು, ಊಟ ಉಳಿಸಿ, ಮೇಷ್ಟ್ರನ್ನ ಮನೇಲಿಟ್ಟು ಸಾಕಿ ಕಲಿಸಿದ್ದು ತಮ್ಮದಲ್ಲದ ಭಾಷೆ.

ಅಜ್ಜ ಹೇಳಿದ್ದು: ಅವ್ರ ಅಜ್ಜಿಯ ಅಪ್ಪನ ಕುತ್ತಿಗೇಲಿ ದಾರದಲ್ಲಿ ಒಂದು ಚಿಕ್ಕ ಕೋಲು ಕಟ್ಟಿದ್ರಂತೆ. 'ಬಾಟಾ ಸ್ಕೋರ್' ಅಂತಾರೆ ಅದಕ್ಕೆ. ಬಾಯಿಂದ ಐರಿಷ್ ಮಾತು ಬಂದ್ರೆ ಕೋಲಿನ ಮೇಲೆ ಚಾಕುವಿಂದ ಒಂದು ಗೀರು. ಮನೇಲಿ ಬಂದ್ರೆ ಅಪ್ಪ ಗೀರು ಹಾಕೋದು, ಬೆಳಿಗ್ಗೆ ಮೇಷ್ಟ್ರು ಗೀರು ಎಣಿಸಿ ಹೊಡೆಯೋದು. ಅಂದ್ರೆ ಅಪ್ಪನೂ ಮೇಷ್ಟ್ರೂ ಮಾತಾಡ್ಕೊಂಡು ಮಾಡ್ತಿದ್ದಿದ್ದು. ಅಜ್ಜ ಇದನ್ನ ಹೇಳುವಾಗ ತಮ್ಮ ಕೊರಳ ಹತ್ರ ಬೆರಳಿಟ್ಟು ಹೀಗೆ ಸವರ್ತಾ ಇದ್ರು, ನೈಟ್ ಡ್ರೆಸ್ಸಿನ ಗುಂಡಿ ಮೇಲೆ, ಅಲ್ಲಿ ಏನೋ ನೇತಾಡ್ತಿದ್ಯೇನೋ ಅನ್ನೋ ಹಾಗೆ.

ಹಳೇ_ಕಾಗದ

ಇದು ದಾಖಲಾಗಿದೆ. ಆಸ್ಕರ್ ವೈಲ್ಡ್ ಅವ್ರ ತಂದೆ ಸರ್ ವಿಲಿಯಂ ವೈಲ್ಡ್, ಡಾಕ್ಟರು, ಜಾನಪದ ಸಂಗ್ರಹಕಾರ್ರು, ಪಶ್ಚಿಮದ ಒಂದು ಗುಡಿಸಲಲ್ಲಿ ಕಣ್ಣಾರೆ ಕಂಡಿದ್ದನ್ನ 1852ರಲ್ಲಿ ಅಚ್ಚು ಹಾಕಿಸಿದ್ರು. ಎಂಟು ವರ್ಷದ ಹುಡುಗ ತಂಗಿಗೆ ಐರಿಷಲ್ಲಿ ಏನೋ ಅಂದ, ಅಪ್ಪನ ಕಣ್ಣು ನೋಡಿದ ತಕ್ಷಣ ಮುದುಡ್ಕೊಂಡ. ಅಪ್ಪ ಬೈಲಿಲ್ಲ, ಹತ್ರ ಕರೆದು ಹುಡುಗನ ಅಂಗಿಯೊಳಗಿಂದ ಕೋಲು ತೆಗೆದು ಚಾಕುವಲ್ಲಿ ಒಂದು ಗೀರು ಹಾಕಿ ಸುಮ್ನಾದ. ನಿನಗೆ ಐರಿಷ್ ಮೇಲೆ ಪ್ರೀತಿ ಇಲ್ವಾ ಅಂತ ವೈಲ್ಡ್ ಕೇಳಿದ್ರೆ, ಇದೆ, ಅದು ನಮ್ಮ ಹಿರಿಯರ ಮಾತು ಅಂತ ಕಣ್ಣರಳಿಸಿ ಹೇಳಿದ. ಮತ್ಯಾಕೆ ಹೀಗೆ ಅಂದ್ರೆ, ಮಗು ಓದಿ ಮುಂದೆ ಬರ್ಬೇಕಲ್ಲ ಅಂತ.

ಗುಬ್ಬಿ_ಗೂಡು

ನಾನು 90ರ ದಶಕದಲ್ಲಿ ಓದಿದ ಶಾಲೇಲಿ (ಊರು ಹೆಸ್ರು ಬೇಡ) ಕನ್ನಡ ಮಾತಾಡಿದ್ರೆ 1 ರೂಪಾಯಿ ಫೈನ್. ಕ್ಲಾಸ್ ಲೀಡರ್ ಚೀಟಿ ಬರ್ಕೊಳ್ಳೋಳು. ಅಪ್ಪನ ಹತ್ರ ಹೋಗಿ ಅಳುತ್ತಾ ಹೇಳಿದ್ರೆ, ಅಪ್ಪ 5 ರೂಪಾಯಿ ಕೈಗಿಟ್ಟು, ಫೈನ್ ಕಟ್ಟು ಪರವಾಗಿಲ್ಲ ಆದ್ರೆ ನಾಳೆಯಿಂದ ಮಾತಾಡ್ಬೇಡ ಅಂದ್ರು. ಅಪ್ಪ ಕನ್ನಡ ಪೇಪರ್ ಒಂದಕ್ಷರ ಬಿಡದೆ ಓದೋರು, ವಚನ ಬಾಯಿಪಾಠ ಹೇಳೋರು. ಆ ಗುಡಿಸಲಿನ ಅಪ್ಪ ಚಾಕು ತೆಗೆದಿದ್ದನ್ನ ಓದಿದಾಗ ನಂಗೆ ಕಂಡಿದ್ದು ನಮ್ಮಪ್ಪನ ಶರ್ಟ್ ಜೇಬು.

ವಾರದ_ಮನೆ

ಒಂದು ವಿಷಯ ಜ್ಞಾಪಕ ಬಂತು. 1924ರಲ್ಲಿ ಮೈಸೂರಲ್ಲಿ ಓದ್ತಿದ್ದ ಕುವೆಂಪು ತಮ್ಮ ಇಂಗ್ಲಿಷ್ ಕವನಗಳನ್ನ ತಗೊಂಡು ಹೋಗಿ ತೋರಿಸಿದ್ದು ಒಬ್ಬ ಐರಿಷ್ ಕವಿಗೆ, ಜೇಮ್ಸ್ ಕಸಿನ್ಸ್. ನಿಮ್ಮ ಭಾಷೇಲಿ ಬರೀರಿ ಅಂತ ಹೇಳಿದ್ದು ಅವ್ರೇ. ಇದನ್ನ ನಾವೆಲ್ಲಾ ಶಾಲೇಲಿ ಓದಿದ್ದೀವಿ, ಆದ್ರೆ ಆ ಮಾತು ಹೇಳಿದವ್ರು ಯಾವ ದೇಶದಿಂದ ಬಂದಿದ್ರು ಅನ್ನೋದನ್ನ ಈ ಕೋಲಿನ ಪಕ್ಕದಲ್ಲಿಟ್ಟು ನಾನು ಯಾವತ್ತೂ ನೋಡಿರ್ಲಿಲ್ಲ. ಕಸಿನ್ಸ್ ಬೆಲ್‌ಫಾಸ್ಟಿನವ್ರು, ಮನೆ ಮಾತು ಇಂಗ್ಲಿಷೇ, ಆದ್ರೆ ಕಳ್ಕೊಂಡ ಭಾಷೆ ಮೇಲೆ ಹಂಬಲ ಇಟ್ಕೊಂಡಿದ್ದ ಕವಿಗಳ ನಡುವೆ ಬೆಳೆದವ್ರು.

ಅಳತೆಗೋಲು

ನಾನು ಆ ಅಪ್ಪಂದಿರ ಪರವಾಗಿ ಒಂದು ಮಾತು ಹೇಳ್ಬೇಕು. 1841ರ ಜನಗಣತೀಲಿ ಐದು ವರ್ಷ ಮೇಲ್ಪಟ್ಟವ್ರಲ್ಲಿ ಶೇಕಡ 53 ಜನಕ್ಕೆ ಓದೋಕೂ ಬರೆಯೋಕೂ ಬರ್ತಿರ್ಲಿಲ್ಲ. ನಾಲ್ಕು ವರ್ಷಕ್ಕೆ ಆಲೂಗಡ್ಡೆ ಕೊಳೆತು ಕ್ಷಾಮ ಬಂತು, ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಹಡಗಿಂದ ಇಳಿದ ಮಗನಿಗೆ ನಾಲ್ಕು ಇಂಗ್ಲಿಷ್ ಮಾತು ಬಂದಿದ್ರೆ ಅದು ಬದುಕು. ಅಪ್ಪನ್ನ ದೂರೋದು ನನ್ನಿಂದಾಗಲ್ಲ. ದೂರಬೇಕು ಅಂದ್ರೆ 1831ರಲ್ಲಿ ಶುರುವಾದ ಸರ್ಕಾರಿ ರಾಷ್ಟ್ರೀಯ ಶಾಲೆಗಳನ್ನ ದೂರಿ, ಕಟ್ಟಡ ಕೊಟ್ರು, ಸಂಬಳ ಕೊಟ್ರು, ಬೇಲಿ ಶಾಲೆಗಳು ಒಂದೊಂದಾಗಿ ಮುಚ್ಚಿದ್ವು, ಆದ್ರೆ ಐರಿಷ್‌ಗೆ ಮಾತ್ರ 1879ರ ತನಕ ಅಲ್ಲಿ ಜಾಗ ಇರ್ಲಿಲ್ಲ, ಆಗ್ಲೂ ಹೆಚ್ಚುವರಿ ವಿಷಯ ಅಂತ.

ಹಳೇ_ಕಾಗದ

ಒಪ್ತೀನಿ, ಆದ್ರೆ ಬರ್ತಿರೋದು ಮೇಷ್ಟ್ರುಗಳಿಗೂ ಕಾಣ್ತಿತ್ತು. ಕಿಲ್ಕೆನಿಯ ಕ್ಯಾಲನ್ ಊರಿನ ಅವ್ಲೀವ್ ಓ ಸುಲವಾನ್, ತಾನೂ ಮೇಷ್ಟ್ರು ತನ್ನ ಅಪ್ಪನೂ ಬೇಲಿ ಶಾಲೆ ಮೇಷ್ಟ್ರು, 1827ರಿಂದ 1835ರ ತನಕ ಐರಿಷಲ್ಲಿ ದಿನಚರಿ ಬರ್ದಿದ್ದಾರೆ. ಮೊದಲ ವರ್ಷವೇ ಕೇಳ್ತಾರೆ, ನಾನು ಬರೀತಿರೋ ಈ ಭಾಷೆ ಕಾಣೆಯಾಗೋಕೆ ಇನ್ನೆಷ್ಟು ಕಾಲ ಅಂತ, ದಿನಾ ದೊಡ್ಡ ದೊಡ್ಡ ಶಾಲೆ ಕಟ್ತಿದ್ದಾರೆ, ಎಲ್ಲಾ ಇಂಗ್ಲಿಷ್ ಕಲಿಸೋಕೆ ಅಂತ.

ಬಳ್ಳಾರಿ_ಬಿಸಲು

ಸಿಸ್ಟರ್, ಆ ಅಜ್ಜ ಸಣ್ಣಾಂವಿದ್ದಾಗ ಬರದ ನೋಟ್‌ಬುಕ್ ಈಗ ಎಲ್ಲೈತ್ರಿ? ಸಿಗತೈತೇನು?

ಕುಂದಾಪ್ರದ_ನರ್ಸ್

ಸಿಗತ್ತೆ ಅಣ್ಣಾ. ಆ ಮಕ್ಕಳು ಬರೆದಿದ್ದನ್ನೆಲ್ಲಾ ಜೋಪಾನ ಮಾಡಿದ್ದಾರೆ, ಲಕ್ಷಾಂತರ ಪುಟ, ಈಗ ಸ್ಕ್ಯಾನ್ ಮಾಡಿ ಆನ್‌ಲೈನಲ್ಲೂ ಹಾಕಿದ್ದಾರೆ. ಅಜ್ಜ ಹೋದ ಮೇಲೆ, 2016ರ ಚಳಿಗಾಲದಲ್ಲಿ ಒಂದ್ರಾತ್ರಿ ಊರು, ಶಾಲೆ ಹುಡುಕ್ತಾ ಹುಡುಕ್ತಾ ಅವ್ರ ಪುಟ ಸಿಕ್ತು. ನೀಲಿ ಶಾಯಿ, ಒತ್ತಿ ಒತ್ತಿ ಬರೆದ ಅಕ್ಷರ, ಪೆನ್ಸಿಲ್ಲಲ್ಲಿ ಕೇಳ್ಕೊಂಡಿದ್ದನ್ನ ಆಮೇಲೆ ಶಾಲೇಲಿ ಶಾಯೀಲಿ ಬರೆದಿದ್ದಿರ್ಬೇಕು. ಎರಡು ಕಡೆ ಟೀಚರ್ ಸ್ಪೆಲ್ಲಿಂಗ್ ತಿದ್ದಿದ್ದಾರೆ. ಟರ್ಫ್ ಇದೆ, ಕೂತ ಕಲ್ಲು ಇದೆ, ಮೇಷ್ಟ್ರು ಯಾರ್ಯಾರ ಮನೇಲಿ ಉಳೀತಿದ್ರು ಅಂತ ಇದೆ, ಮೊಟ್ಟೆ ಕೂಡ ಇದೆ.

ಕೋಲು ಇಲ್ಲ. ಎರಡು ಸಲ ಓದಿದೆ, ಹಿಂದಿನ ಪುಟ ಮುಂದಿನ ಪುಟ ತಿರುವಿದೆ, ಇಲ್ಲ. ಅಜ್ಜ ನಂಗೆ ಹೇಳಿದ್ದು ಆಗ ನೆನಪಾಯ್ತು, ಅವತ್ತು ಅದ್ರ ಬೆಲೆ ಗೊತ್ತಾಗಿರ್ಲಿಲ್ಲ. ಅಜ್ಜಿ ಆ ಕೋಲಿನ ವಿಷ್ಯ ಶುರು ಮಾಡಿದಾಗ ಇವ್ರು ಪೆನ್ಸಿಲ್ ಎತ್ತಿದ್ರಂತೆ. ಅಜ್ಜಿ ಇವ್ರ ಕೈ ಮೇಲೆ ಕೈಯಿಟ್ಟು ಪೆನ್ಸಿಲನ್ನ ಕೆಳಗಿಳಿಸಿ, ಆಮೇಲೆ ಹೇಳಿದ್ರಂತೆ, ಐರಿಷಲ್ಲಿ.